ಸೋಮವಾರದ ಗೀಟು

ಮೊನ್ನೆ ಧಾರವಾಡದ ಬಸ್ ಸ್ಟ್ಯಾಂಡಿನ ಹೊರಗೆ ಒಬ್ಬ ಹೆಣ್ಣುಮಗಳು ಹಸಿ ಕಡಲೆ ಗಿಡದ ಕಟ್ಟುಗಳನ್ನು ಗೋಣಿಚೀಲದ ಮೇಲೆ ಹರವಿಕೊಂಡು ಕೂತಿದ್ದಳು. ಎರಡು ಕಟ್ಟು ಕೊಂಡು ಮನೆಗೆ ಬಂದು, ಅಡುಗೆಮನೆಯ ಕಟ್ಟೆಯ ಹತ್ತಿರ ನಿಂತು ಕಾಯಿ ಬಿಡಿಸತೊಡಗಿದೆ. ಕಡಲೆ ಗಿಡ ಮುಟ್ಟಿದವರಿಗೆ ಗೊತ್ತು, ಅದರ ಎಲೆಯ ಮೇಲೆ ಒಂದು ಹುಳಿ ಇರುತ್ತದೆ. ಬೆರಳಿಗೆ ಹತ್ತಿದರೆ ಕೈ ತೊಳೆದರೂ ಬೇಗ ಹೋಗುವುದಿಲ್ಲ. ಹಳೆಯ ಅಭ್ಯಾಸ, ಬೆರಳು ನೆಕ್ಕಿದೆ. ಅಷ್ಟರಲ್ಲಿ ಒಂದು ಕಾಯಿ ಕೈಗೆ ಹಗುರಾಗಿ ಸಿಕ್ಕಿತು. ತಿರುಗಿಸಿ ನೋಡಿದರೆ ಮಗ್ಗುಲಲ್ಲಿ ಗುಂಡಗೆ ಒಂದು ತೂತು, ಒಳಗೆ ಕಾಳಿಲ್ಲ.

ಆ ತೂತನ್ನು ಕಂಡದ್ದೇ ತಡ, ನಮ್ಮ ಸೈನ್ಸ್ ಮಾಸ್ತರರು ನೆನಪಾದರು. ಅವರು ಹೋಗಿ ಕೆಲವು ವರ್ಷವಾಯಿತು. ಅವರು ನೆನಪಾಗದ ದಿನವೇ ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಎಷ್ಟೋ ದಿನ ನಾನೇ ಬೇಕೆಂದು ಅವರ ನೆನಪನ್ನು ದೂರ ಇಟ್ಟಿದ್ದೆ. ಯಾಕೆ ಇಟ್ಟಿದ್ದೆ ಎಂಬುದನ್ನು ಬರೆಯಲೆಂದೇ ಈಗ ಕೂತಿದ್ದೇನೆ.

ನಮ್ಮೂರು ಕುಂದಗೋಳ ತಾಲೂಕಿನಲ್ಲಿ, ಯರಗುಪ್ಪಿಯ ಆಚೆ. ಸುತ್ತಲೂ ಎರೆಭೂಮಿ. ಮುಂಗಾರಿಗೆ ಹೆಸರು, ಹತ್ತಿ, ಮೆಣಸಿನಕಾಯಿ. ಹಿಂಗಾರಿಗೆ ಕಡಲೆ, ಜೋಳ. ಮಾಸ್ತರರು ನಮ್ಮೂರ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. ಎತ್ತರದ ಆಳು, ಬಿಳಿ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಭೂತಗನ್ನಡಿ. ಪಾಠ ಹೇಳುವುದರಲ್ಲಿ ಅಂಥ ಚಮತ್ಕಾರವೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ ಊಟದ ನಂತರದ ಪಿರಿಯಡ್ಡಿನಲ್ಲಿ ಅರ್ಧ ಕ್ಲಾಸು ತೂಕಡಿಸುತ್ತಿತ್ತು. ಆದರೆ ಪ್ರಯೋಗದ ದಿನ ಯಾರಿಗೂ ನಿದ್ದೆ ಬರುತ್ತಿರಲಿಲ್ಲ.

ಪ್ರಯೋಗಕ್ಕೆ ಅವರದೊಂದು ಪದ್ಧತಿ ಇತ್ತು. ನೀನು ಪ್ರಯೋಗ ಮಾಡಿ, ಹೇಗೆ ಮಾಡಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದರೆ ಅವರು ಸಹಿ ಹಾಕುತ್ತಿರಲಿಲ್ಲ. ನಿನ್ನ ನೋಟ್‌ಬುಕ್ಕನ್ನು ಬಾಜು ಬೆಂಚಿನವರಿಗೆ ಕೊಡಬೇಕು. ಅವರು ನಿನ್ನನ್ನು ಒಂದು ಮಾತೂ ಕೇಳದೆ, ಬರೆದದ್ದನ್ನಷ್ಟೇ ಓದಿ ಅದನ್ನೇ ಮಾಡಬೇಕು. ಅವರಿಗೂ ಹಾಗೇ ಬಂದರೆ ಸಹಿ. ಒಮ್ಮೆ ಸುಣ್ಣದ ತಿಳಿಯಲ್ಲಿ ಉಸಿರು ಊದಿ ಹಾಲಿನಂತೆ ಬೆಳ್ಳಗೆ ಮಾಡುವ ಪ್ರಯೋಗ. ನನ್ನದು ಚೆಂದ ಬಂದಿತ್ತು. ಬಾಜು ಬೆಂಚಿನವರದು ಮೊದಲೇ ರಾಡಿಯಾಗಿ, ಊದಿದರೂ ಊದದಿದ್ದರೂ ಒಂದೇ ಆಯಿತು. ಸುಣ್ಣ ಕಲಸಿದ ನೀರನ್ನು ತಾಸುಗಟ್ಟಲೆ ಇಟ್ಟು ಮೇಲಿನ ತಿಳಿ ಮಾತ್ರ ತೆಗೆದುಕೊಳ್ಳಬೇಕು ಎಂಬುದನ್ನು ನಾನು ಬರೆದೇ ಇರಲಿಲ್ಲ. ಅದು ಎಲ್ಲರಿಗೂ ಗೊತ್ತಿರುತ್ತದಲ್ಲ ಎಂದು ವಾದ ಮಾಡಿದೆ.

"ನೀ ಮಾಡಿದ್ದು ಖರೇನ ಇರಬಹುದವಾ," ಎಂದರು ಮಾಸ್ತರರು. "ಆದ್ರ ನೀ ಬರದದ್ದು ಓದಿ ಅವರಿಗೆ ಬರಲಿಲ್ಲಲ್ಲ. ಹಂಗಾರ ಅದು ನಿನ್ನ ಹೊಟ್ಟ್ಯಾಗ ಉಳೀತು."

ಸಹಿ ಹಾಕಲಿಲ್ಲ. ಮನೆಗೆ ಹೋಗಿ ಸಿಟ್ಟಿನಿಂದ ಅತ್ತೆ. ಇಡೀ ತರಗತಿಯಲ್ಲಿ ನಾನೇ ಜಾಣೆ ಎಂಬ ಸೊಕ್ಕು ಆಗಲೇ ಇತ್ತು ನನಗೆ.

ಮಾಸ್ತರರು ನಿವೃತ್ತರಾಗುವ ಹೊತ್ತಿಗೆ ನಾನು ಧಾರವಾಡದಲ್ಲಿ ಓದುತ್ತಿದ್ದೆ. ಅದೇ ಸುಮಾರಿಗೆ ಕೃಷಿ ಇಲಾಖೆಯವರು ಊರಿಗೆ ಬಂದು ಕಡಲೆಯ ಕಾಯಿಕೊರಕ ಹುಳುವಿನ ಬಗ್ಗೆ ಭಾಷಣ ಮಾಡಿ, ಐದು ಮೋಹಕ ಬಲೆ ಹಂಚಿ ಹೋಗಿದ್ದರು. ಕೋಲಿಗೆ ಕಟ್ಟುವ ಹಳದಿ ಆಲಿಕೆ, ಅದರ ಕೆಳಗೆ ಉದ್ದನೆಯ ಪ್ಲಾಸ್ಟಿಕ್ ಚೀಲ, ಮೇಲೆ ಹೆಣ್ಣು ಪತಂಗದ ವಾಸನೆ ಹಚ್ಚಿದ ಒಂದು ರಬ್ಬರ್ ತುಣುಕು. ವಾಸನೆಗೆ ಮರುಳಾಗಿ ಬಂದ ಗಂಡು ಪತಂಗಗಳು ಚೀಲಕ್ಕೆ ಬೀಳುತ್ತವೆ. ಹಂಚಿದವರು ಮತ್ತೆ ಬರಲಿಲ್ಲ. ತೆಗೆದುಕೊಂಡವರು ಒಂದು ಸುಗ್ಗಿಯ ನಂತರ ಬಲೆಯನ್ನು ಮೂಲೆಗೆ ಎಸೆದರು. ಮಾಸ್ತರರು ಆ ಐದನ್ನೂ ಬೇಡಿ ತಂದು ತಮ್ಮ ಹೊಲದಲ್ಲಿ ನೆಟ್ಟರು. ಆಮೇಲೆ ವರ್ಷಾವರ್ಷ ವಾಸನೆಯ ರಬ್ಬರನ್ನು ತಾವೇ ಹುಬ್ಬಳ್ಳಿಯಿಂದ ತರಿಸಿಕೊಂಡರು.

ದಿನಾ ಬೆಳಿಗ್ಗೆ ಹೊಲಕ್ಕೆ ಹೋಗಿ ಚೀಲ ಬಿಚ್ಚಿ, ಬಿದ್ದ ಪತಂಗಗಳನ್ನು ಎಣಿಸಿ ಬರೆದುಕೊಳ್ಳುತ್ತಿದ್ದರು. ಲೆಕ್ಕ ಏರತೊಡಗಿದರೆ ಬರುವಾಗ ಹಾಲಿನ ಡೈರಿಯ ಗೋಡೆಯ ಮೇಲಿನ ಕರಿಹಲಗೆಯಲ್ಲಿ ಸುಣ್ಣದ ಕಡ್ಡಿಯಿಂದ ಬರೆಯುತ್ತಿದ್ದರು: ಪತಂಗ ಹೆಚ್ಚಾಗಿವೆ, ಕಡಲೆ ಹೊಲ ನೋಡಿಕೊಳ್ಳಿರಿ. ಹಾಲು ಹಾಕಲು ಬಂದವರು ಓದುತ್ತಿದ್ದರು. ಓದಲು ಬಾರದವರು ಕೇಳಿ ತಿಳಿದುಕೊಳ್ಳುತ್ತಿದ್ದರು. ಹಲಗೆಯ ಮೇಲೆ ಮಾಸ್ತರರ ಅಕ್ಷರ ಬೀಳುವ ಮುಂಚೆ ಔಷಧ ಹೊಡೆದವನನ್ನು ಊರವರು ನಗೆಯಾಡುತ್ತಿದ್ದರು. ಅಷ್ಟು ನಂಬಿಕೆ.

ಅವರ ಹೊಲ ಊರಿಂದ ಎರಡು ಮೈಲಿ. ಮೊಣಕಾಲು ಹಿಡಿದು ಬಹಳ ವರ್ಷವಾಗಿತ್ತು, ನಡೆಯಲು ಆಗುತ್ತಿರಲಿಲ್ಲ; ಕಾಲು ಮಡಚಿ ಬೈಕಿನ ಮೇಲೆ ಕೂರಲೂ ಆಗುತ್ತಿರಲಿಲ್ಲ. ಬಾಜು ಮನೆಯ ಕಾಕಾ ಮಾತ್ರ ಊರೆಲ್ಲ ಟ್ರ್ಯಾಕ್ಟರ್ ಬಂದರೂ ಎತ್ತು ಬಿಟ್ಟಿರಲಿಲ್ಲ. ಅವರ ಚಕ್ಕಡಿಯ ಹಿಂಭಾಗದಲ್ಲಿ ಕಾಲು ಇಳಿಬಿಟ್ಟು ಕೂತು ಮಾಸ್ತರರು ಹೊಲಕ್ಕೆ ಹೋಗುತ್ತಿದ್ದರು. ಆದರೆ ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ಅಮಾವಾಸ್ಯೆಗೂ ಅಷ್ಟೇ. ಕಾಕಾ ಚಕ್ಕಡಿ ಹೂಡುತ್ತಿರಲಿಲ್ಲ, ಮಾಸ್ತರರು ಹೊಲಕ್ಕೆ ಹೋಗುತ್ತಿರಲಿಲ್ಲ. ಆ ದಿನದ ಪತಂಗಗಳು ಚೀಲದಲ್ಲೇ ಉಳಿದು ಮರುದಿನದವುಗಳ ಜೊತೆ ಸೇರುತ್ತಿದ್ದವು.

ನಾನು ಸಂಶೋಧನೆಗೆ ಸೇರಿದ ಮೇಲೆ ಕಂಪ್ಯೂಟರಿನಲ್ಲಿ ಜೀವಿಗಳ ಮಾಡೆಲ್ ಕಟ್ಟುವ ವಿಷಯ ಹಿಡಿದೆ. ದಿನದಿನದ ಶಾಖ, ಬಲೆಗೆ ಬಿದ್ದ ಪತಂಗ, ಇವೆರಡನ್ನೂ ಗಣಿತಕ್ಕೆ ಕೊಟ್ಟರೆ ಹುಳು ಕಾಯಿಗೆ ಯಾವತ್ತು ಬಾಯಿ ಹಾಕುತ್ತದೆ ಎಂದು ಅದು ಮೊದಲೇ ಹೇಳಬೇಕು. ಗಣಿತ ನನ್ನ ಹತ್ತಿರ ಇತ್ತು, ಪತಂಗದ ಲೆಕ್ಕ ಇರಲಿಲ್ಲ. ಆಗ ಮಾಸ್ತರರ ಮನೆಗೆ ಹೋದೆ.

ಅವರು ಟ್ರಂಕಿನಿಂದ ಒಂಬತ್ತು ನೋಟ್‌ಬುಕ್ ತೆಗೆದು ಮುಂದಿಟ್ಟರು. ಒಂಬತ್ತು ವರ್ಷ, ಒಂದೇ ಅಕ್ಷರ. ಪತಂಗದ ಲೆಕ್ಕದ ಜೊತೆಗೆ ಪ್ರತಿ ವರ್ಷ ಗಿಡದ ಮೇಲೆ ಮೊದಲ ಹುಳು ಕಂಡ ದಿನವನ್ನೂ ಬರೆದಿದ್ದರು. ತಿರುವಿ ಹಾಕುತ್ತಿದ್ದಾಗ ಸೋಮವಾರಗಳ ಎದುರಿಗೆ ಅಂಕಿಯಿಲ್ಲದೆ ಬರೀ ಒಂದು ಗೀಟು ಕಂಡಿತು. "ಇಲ್ಲಿ ಸೊನ್ನೆ ಏನ್ರಿ ಸರ್?" ಎಂದು ಕೇಳಿದೆ.

"ಸೊನ್ನಿ ಅಂದ್ರ ನಾ ನೋಡೀನಿ, ಒಂದೂ ಇರಲಿಲ್ಲ ಅಂತ," ಎಂದರು. "ಗೀಟ ಅಂದ್ರ ನಾ ನೋಡೇ ಇಲ್ಲ ಅಂತ. ಎರಡೂ ಒಂದ ಅಲ್ಲವಾ. ಎಣಿಸಲಾರದ್ದನ್ನ ಬರಿಬಾರದು."

ಹೊರಡುವಾಗ ನೋಟ್‌ಬುಕ್ಕುಗಳನ್ನು ಚೀಲಕ್ಕೆ ತಾವೇ ಹಾಕಿಕೊಟ್ಟರು. ಝೆರಾಕ್ಸ್ ಮಾಡಿಸಿ ಮರಳಿ ತರುತ್ತೇನೆ ಎಂದೆ.

"ತಾ, ಅವಸರ ಇಲ್ಲ. ಆದ್ರ ಒಂದ್ ಮಾತು. ನೀ ಏನ್ ಲೆಕ್ಕಾ ಮಾಡ್ತಿ, ಹೆಂಗ ಮಾಡ್ತಿ, ಅದನ್ನ ನನಗೂ ಕೊಡಬೇಕು. ನೀ ಧಾರವಾಡದಾಗ ಕುಂತು ಹೇಳೂದು, ನಾವು ಇಲ್ಲಿ ಕೇಳೂದು ಅಲ್ಲ. ನಾನೂ ಇಲ್ಲೇ ಕುಂತು ಮಾಡಿ ನೋಡಬೇಕು."

"ಆತ್ರಿ ಸರ್, ಖಂಡಿತ ಕೊಡ್ತೀನಿ," ಎಂದೆ. ಆ ಗಳಿಗೆಯಲ್ಲಿ ಮನಸ್ಸಿನಿಂದಲೇ ಹೇಳಿದ್ದೆ…

ಮಾಡೆಲ್ ಸುಲಭಕ್ಕೆ ಬಗ್ಗಲಿಲ್ಲ. ಸತತ ಐದು ದಿನ ಪತಂಗದ ಲೆಕ್ಕ ಒಂದು ಮಟ್ಟಕ್ಕಿಂತ ಮೇಲಿದ್ದರೆ ಎಚ್ಚರಿಕೆ ಕೊಡು, ಅಲ್ಲಿಂದ ಶಾಖದ ಲೆಕ್ಕ ಶುರು ಮಾಡು, ಇದು ನಾನು ಕಟ್ಟಿದ ನಿಯಮ. ಆದರೆ ಅದು ಪ್ರತಿ ವರ್ಷ ತಡವಾಗಿ ಎಚ್ಚರಿಸುತ್ತಿತ್ತು. ಕೆಲವು ವರ್ಷ ನಾಲ್ಕು ದಿನ, ಕೆಲವು ವರ್ಷ ಒಂದು ವಾರ. ಹುಳು ಕಾಯಿ ತಿಂದು ಮುಗಿಸಿದ ಮೇಲೆ ಎಚ್ಚರಿಸುವ ಮಾಡೆಲ್ ಯಾರಿಗೆ ಬೇಕು? ಎರಡು ತಿಂಗಳು ತಲೆ ಕೆಡಿಸಿಕೊಂಡೆ. ಆಮೇಲೆ ಒಂದು ದಿನ ಹೊಳೆಯಿತು. ಕಂಪ್ಯೂಟರು ಗೀಟನ್ನು ಸೊನ್ನೆ ಎಂದು ಓದುತ್ತಿತ್ತು. ವಾರಕ್ಕೊಮ್ಮೆ ಸೋಮವಾರ ಬಂದು ಐದು ದಿನದ ಸರಪಳಿ ಕತ್ತರಿಸಿ ಹೋಗುತ್ತಿತ್ತು. ಕಾಕಾನ ಎತ್ತುಗಳು ನನ್ನ ಗಣಿತಕ್ಕೆ ಅಡ್ಡ ಮಲಗಿದ್ದವು. ಒಬ್ಬಳೇ ಕೂತು ಜೋರಾಗಿ ನಕ್ಕೆ.

ಪ್ರೋಗ್ರಾಮಿಗೆ ಮೂರು ಸಾಲು ಸೇರಿಸಿದೆ. ಗೀಟು ಇದ್ದರೆ ಮರುದಿನದ ಲೆಕ್ಕವನ್ನು ಅರ್ಧ ಮಾಡು, ಒಂದು ಪಾಲು ಗೀಟಿನ ದಿನಕ್ಕೆ ಹಾಕು. ಮಂಗಳವಾರ ಇಪ್ಪತ್ತೆರಡು ಇದ್ದರೆ ಸೋಮವಾರಕ್ಕೆ ಹನ್ನೊಂದು, ಮಂಗಳವಾರಕ್ಕೆ ಹನ್ನೊಂದು. ನಡೆಸಿದೆ. ಒಂಬತ್ತು ವರ್ಷವೂ ಮಾಡೆಲ್ ಹೇಳಿದ ದಿನ ಮಾಸ್ತರರು ಮೊದಲ ಹುಳು ಕಂಡ ದಿನಕ್ಕೆ ಸರಿಯಾಗಿ ಬಂದು ಕೂತಿತು.

ಇದರಲ್ಲಿ ತಪ್ಪೇನೂ ಇರಲಿಲ್ಲ. ಬರೆದು ತಿಳಿಸಿದ್ದರೆ ಇರಲಿಲ್ಲ, ಅಷ್ಟೇ. ಪೇಪರ್ ಬರೆಯುವಾಗ ಆ ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆದೂ ನೋಡಿದೆ. ಸೋಮವಾರ, ಎತ್ತು, ನೊಗ, ಬಸವಣ್ಣನ ವಾರ… ಹೊರದೇಶದ ದೊಡ್ಡ ಪತ್ರಿಕೆ ಅದು. ಓದುವವರು ಏನು ಅಂದುಕೊಂಡಾರು? ಇವಳ ವಿಜ್ಞಾನ ಚಕ್ಕಡಿಯ ಮೇಲೆ ನಡೆಯುತ್ತದೆ ಎಂದು ನಕ್ಕಾರು. ನಾಚಿಕೆಯಾಯಿತು. ಅಳಿಸಿದೆ. ಪ್ರತಿದಿನದ ಎಣಿಕೆಯನ್ನು ಬಳಸಲಾಗಿದೆ ಎಂದು ಬರೆದೆ. ಪ್ರೋಗ್ರಾಂ ಎಲ್ಲಿ ಸಿಗುತ್ತದೆ ಎಂದು ಪತ್ರಿಕೆಯವರು ಕೇಳಿದ್ದಕ್ಕೆ, ಬೇಕಾದವರು ಲೇಖಕರನ್ನು ಕೇಳಿ ಪಡೆಯಬಹುದು ಎಂದು ಎಲ್ಲರೂ ಬರೆಯುವ ಸಾಲನ್ನು ನಾನೂ ಬರೆದೆ. ಯಾರೂ ಕೇಳುವುದಿಲ್ಲ ಎಂದು ಎಲ್ಲರಿಗೂ ಗೊತ್ತಿರುತ್ತದೆ.

ಕೇಳಿದವರು ಮಾಸ್ತರರು. ಪೇಪರಿನ ಒಂದು ಪ್ರತಿಯನ್ನು ನಾನೇ ಹೆಮ್ಮೆಯಿಂದ ಕಳಿಸಿದ್ದೆ. ವಾರದೊಳಗೆ ಫೋನು ಬಂತು.

"ಕಡೀಕ ಬರದಿಯಲ್ಲವಾ, ಕೇಳಿದವರಿಗೆ ಕೊಡ್ತೀನಿ ಅಂತ. ನಾ ಕೇಳಾಕತ್ತೀನಿ ನೋಡು," ಎಂದು ನಕ್ಕರು.

"ಮುಂದಿನ ವಾರ ಕಳಸ್ತೀನ್ರಿ ಸರ್," ಎಂದೆ. ಮುಂದಿನ ವಾರ ಕಳಿಸಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಆಗಷ್ಟೇ ಕೆಲಸ ಸಿಕ್ಕಿತ್ತು, ಪುರುಸೊತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನೆಪ. ಆ ಮೂರು ಸಾಲು ಅವರ ಕಣ್ಣಿಗೆ ಬೀಳುವುದು ನನಗೆ ಬೇಕಿರಲಿಲ್ಲ. ಎಣಿಸದ್ದನ್ನು ಬರೆಯಬಾರದು ಎಂದ ಮನುಷ್ಯನ ನೋಟ್‌ಬುಕ್ಕಿನಲ್ಲಿ, ಎಣಿಸದ ಹನ್ನೊಂದನ್ನು ನಾನು ತುಂಬಿದ್ದೆ.

ಮಾಸ್ತರರು ಕಾಯುತ್ತ ಕೂರುವವರಲ್ಲ. ಪೇಪರಿನಲ್ಲಿ ಇದ್ದುದನ್ನೇ ಹಿಡಿದುಕೊಂಡು, ನಾನು ಮರಳಿಸಿದ್ದ ನೋಟ್‌ಬುಕ್ಕುಗಳು, ಪೆನ್ಸಿಲು, ಗ್ರಾಫ್ ಹಾಳೆ, ಒಂದು ಕ್ಯಾಲ್ಕುಲೇಟರು ಇಟ್ಟುಕೊಂಡು ಒಂಬತ್ತು ವರ್ಷದ ಲೆಕ್ಕವನ್ನೂ ಕೈಯಿಂದ ಮಾಡಿದರಂತೆ. ಕಂಪ್ಯೂಟರು ಒಂದು ನಿಮಿಷದಲ್ಲಿ ಮಾಡುವುದನ್ನು ಅವರು ಬೇಸಿಗೆ ಪೂರ್ತಿ ಮಾಡಿದರು. ಗೀಟು ಬಂದಲ್ಲೆಲ್ಲ ಐದು ದಿನದ ಸರಪಳಿ ಕಡಿದು, ಪ್ರತಿ ವರ್ಷವೂ ಅವರ ಎಚ್ಚರಿಕೆ ನನ್ನದಕ್ಕಿಂತ ತಡವಾಗಿ ಬಂತು.

ಒಂದು ದಿನ ಹೇಳದೆ ಕೇಳದೆ ನಮ್ಮ ಸಂಸ್ಥೆಗೆ ಬಂದರು. ಕುಂದಗೋಳದಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಧಾರವಾಡ, ಎರಡು ಬಸ್ಸು, ಆ ಮೊಣಕಾಲು. ಅವತ್ತು ಹೊರಗಿನಿಂದ ಕೆಲವು ವಿಜ್ಞಾನಿಗಳು ಬಂದಿದ್ದರು, ನನ್ನ ಮಾಡೆಲನ್ನೇ ಪರದೆಯ ಮೇಲೆ ತೋರಿಸುತ್ತಿದ್ದೆ. ಮಾಸ್ತರರು ಒಂದೂವರೆ ತಾಸು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಚಹಾಕ್ಕೆ ಬಿಟ್ಟಾಗ ಹೊರಗೆ ಬಂದರೆ ಎದ್ದು ನಿಂತರು, ಕೈಯಲ್ಲಿ ಸುತ್ತಿದ ಗ್ರಾಫ್ ಹಾಳೆಗಳು. ನನ್ನ ಪಕ್ಕದಲ್ಲಿ ನಮ್ಮ ಮುಖ್ಯಸ್ಥರು ಚಹಾದ ಕಪ್ಪು ಹಿಡಿದು ನಿಂತಿದ್ದರು. ಆಗಷ್ಟೇ ನನ್ನ ಕೆಲಸವನ್ನು ಎಲ್ಲರೆದುರು ಹೊಗಳಿದ್ದರು.

"ಎಷ್ಟು ಸಲಾ ಮಾಡಿದ್ರೂ ನಿನ್ನಷ್ಟು ಬರವಲ್ದವಾ," ಎಂದು ಮಾಸ್ತರರು ಹಾಳೆ ಬಿಚ್ಚಿದರು. "ನನಗ ಒಂದ ಸಂಶೇ ಐತಿ. ಗೀಟ ಇದ್ದಲ್ಲಿ ನೀ ಏನರ ತುಂಬಿಯೇನು?"

ನೇರವಾಗಿ ಗಾಯದ ಮೇಲೇ ಬೆರಳಿಟ್ಟಿದ್ದರು. ಒಂದು ಮಾತು ಸಾಕಿತ್ತು. ಹೌದ್ರಿ ಸರ್, ಮಂಗಳವಾರದ್ದನ್ನು ಅರ್ಧ ಮಾಡಿ ಹಾಕಿದ್ದೇನೆ, ಪೇಪರಿನಲ್ಲಿ ಬರೆಯಲಿಲ್ಲ, ನನ್ನ ತಪ್ಪು. ಮುಖ್ಯಸ್ಥರು ನನ್ನ ಮುಖ ನೋಡುತ್ತಿದ್ದರು. ಪ್ರತಿದಿನದ ಎಣಿಕೆ ಎಂದು ಹತ್ತು ನಿಮಿಷದ ಹಿಂದೆ ಪ್ರತಿಷ್ಠಿತರ ಮುಂದೆ ಹೇಳಿದ ಬಾಯಿ ಅದು…

"ಏನೂ ತುಂಬಿಲ್ರಿ ಸರ್," ಎಂದೆ. "ನೀವು ಹೆಂಗ ಬರದೀರಿ ಹಂಗ ಬಿಟ್ಟೀನಿ."

ಬಾಯಿ ತಪ್ಪಿ ಬಂದ ಮಾತಲ್ಲ ಅದು. ತಿಳಿದೇ ಹೇಳಿದೆ. ಮಾಸ್ತರರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಅನುಮಾನದಿಂದ ಅಲ್ಲ, ಪಾಠ ಕೇಳುವವರ ಹಾಗೆ ನೋಡಿದರು. ಆಮೇಲೆ ಹಾಳೆಗಳನ್ನು ಮೆಲ್ಲಗೆ ಸುತ್ತಿದರು.

"ಹಂಗಾದ್ರ ನಂದ ತಪ್ಪು. ತಲಿ ಮೊದಲಿನಂಗ ಓಡವಲ್ದು. ವಯಸ್ಸಾತಲ್ಲವಾ."

ಜವಾನನಿಗೆ ಹೇಳಿ ಅವರಿಗೆ ಚಹಾ ಕೊಡಿಸಿದೆ. ಬಸ್ ಸ್ಟ್ಯಾಂಡಿನವರೆಗೆ ಹೋಗಿ ಬಿಟ್ಟು ಬರಲಿಲ್ಲ. ಒಳಗೆ ಜನ ಕಾಯುತ್ತಿದ್ದರು.

ಆ ವರ್ಷ ಹಿಂಗಾರಿನಲ್ಲಿ ನಮ್ಮಣ್ಣ ಫೋನು ಮಾಡಿದ. ಊರಲ್ಲಿ ಒಕ್ಕಲುತನ ನೋಡಿಕೊಳ್ಳುವವನು ಅವನೇ. "ಮಾಸ್ತರ್ರು ಬೋರ್ಡ್ ಬರಿಯೂದು ಬಿಟ್ಟಾರ ನೋಡು," ಎಂದ. "ಈ ಸಲಾ ಕೀಡಿ ಬಂದದ್ದ ಯಾರಿಗೂ ಗೊತ್ತ ಆಗಲಿಲ್ಲ. ಕೇಳಿದ್ರ, ನನಗ ಕೂಡ್ಸೂದು ತಪ್ಪಾಕತ್ತೈತಿ, ನನ್ನ ಮಾತು ನಂಬಿ ನೀವ್ಯಾಕ ಕೆಡ್ತೀರಿ ಅಂತಾರ."

ಬಲೆಗಳನ್ನು ಕಿತ್ತು ಹಿತ್ತಲಲ್ಲಿ ಇಟ್ಟಿದ್ದರಂತೆ. ಡೈರಿಯ ಮುಂದೆ ಯಾರೋ, ಮಾಸ್ತರಿಗೆ ಈಗ ಎರಡಕ್ಕ ಎರಡು ಕೂಡಿಸಿದ್ರ ಐದು ಬರ್ತೈತಂತ, ಎಂದು ನಗೆಯಾಡಿದರಂತೆ. ಕೆಟ್ಟ ಮನಸ್ಸಿನಿಂದ ಆಡಿದ್ದೇನಲ್ಲ, ನಮ್ಮೂರ ಬಾಯಿಯೇ ಹಾಗೆ. ಆದರೆ ಮಾಸ್ತರರು ಅಲ್ಲೇ ನಿಂತಿದ್ದರು, ಅವರೂ ನಕ್ಕರು ಎಂದ ಅಣ್ಣ.

ಆಗಲಾದರೂ ಹೇಳಬಹುದಿತ್ತು. ಎರಡು ಸಲ ಫೋನು ಮಾಡಿದೆ. ಮಳೆ ಹೇಗಿದೆ, ಮೊಣಕಾಲು ಹೇಗಿದೆ ಎಂದು ಕೇಳಿ ಇಟ್ಟೆ. ಎದುರಿಗೆ ಕೂತು ಹೇಳಬೇಕು, ಫೋನಿನಲ್ಲಿ ಹೇಳುವ ಮಾತಲ್ಲ ಎಂದುಕೊಂಡೆ. ಊರಿಗೆ ಹೋದಾಗ ಅವರ ಓಣಿಯ ತುದಿಯವರೆಗೆ ಹೋಗಿ ತಿರುಗಿ ಬಂದೆ. ಮುಂದಿನ ಸಲ, ಅಂದುಕೊಂಡೆ. ಶ್ರಾವಣದಲ್ಲಿ ಒಂದು ದಿನ ಅಣ್ಣನ ಫೋನು ಬಂತು, ಮಾಸ್ತರರು ಹೋದರು ಎಂದು. ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣು ಕೊಟ್ಟು ಬಂದಿದ್ದರು.

ಹೋದ ಮಳೆಗಾಲದಲ್ಲಿ ಬೇರೆ ರಾಜ್ಯದ ಒಬ್ಬ ವಿದ್ಯಾರ್ಥಿಯಿಂದ ಇಮೇಲ್ ಬಂತು. ಬಹಳ ವಿನಯದಿಂದ ಬರೆದಿದ್ದ. ನಿಮ್ಮ ಪೇಪರಿನ ಪ್ರಕಾರ ಮಾಡೆಲ್ ಕಟ್ಟಿದೆ, ನಿಮ್ಮ ಫಲಿತಾಂಶ ಬರುತ್ತಿಲ್ಲ, ತಪ್ಪು ನನ್ನದೇ ಇರಬೇಕು, ದಯವಿಟ್ಟು ಪ್ರೋಗ್ರಾಂ ಕಳಿಸುತ್ತೀರಾ ಎಂದು. ತಪ್ಪು ನನ್ನದೇ ಇರಬೇಕು ಎಂಬ ಆ ಮಾತನ್ನು ಎರಡು ಸಲ ಓದಿದೆ.

ಹಳೆಯ ಲ್ಯಾಪ್‌ಟಾಪ್ ಹುಡುಕಿ ತೆಗೆದೆ. ಒಳಗೆ ಫೈನಲ್, ಹೊಸ ಫೈನಲ್, ಇದೇ ಫೈನಲ್ ಎಂದು ಹೆಸರಿಟ್ಟ ಏಳೆಂಟು ಕಡತಗಳು. ಯಾವುದರಿಂದ ಪೇಪರಿನ ಅಂಕಿ ಬಂದದ್ದೆಂದು ನನಗೇ ತಿಳಿಯಲಿಲ್ಲ. ಹೊಸ ಕಂಪ್ಯೂಟರಿನಲ್ಲಿ ಒಂದೂ ನಡೆಯಲಿಲ್ಲ. ನಾನೇ ಮಾಡಿದ್ದನ್ನು ನಾನೇ ಇನ್ನೊಮ್ಮೆ ಮಾಡಿ ತೋರಿಸಲು ಹನ್ನೆರಡು ದಿನ ಬೇಕಾಯಿತು. ಕೊನೆಗೆ ಆ ಮೂರು ಸಾಲು ಸಿಕ್ಕವು. ಯಾಕೆ ಬರೆದದ್ದು, ಏನು ಮಾಡುತ್ತವೆ ಎಂಬ ಒಂದು ಅಕ್ಷರದ ವಿವರಣೆಯೂ ಪಕ್ಕದಲ್ಲಿ ಇರಲಿಲ್ಲ.

ಎಲ್ಲವನ್ನೂ ಯಾರು ಬೇಕಾದರೂ ತೆಗೆದುಕೊಳ್ಳುವಂತೆ ಇಂಟರ್ನೆಟ್ಟಿಗೆ ಹಾಕಿದೆ. ಪ್ರೋಗ್ರಾಂ, ಶಾಖದ ಅಂಕಿಗಳು, ಮಾಸ್ತರರ ನೋಟ್‌ಬುಕ್ಕಿನ ಝೆರಾಕ್ಸಿನ ಪ್ರತಿಯೊಂದು ಪುಟ. ಮೊದಲ ಹಾಳೆಯಲ್ಲಿ ಸೋಮವಾರ ನಮ್ಮೂರಲ್ಲಿ ಎತ್ತು ಹೂಡುವುದಿಲ್ಲ ಎಂಬುದನ್ನು ಬರೆದೆ, ಗೀಟಿಗೂ ಸೊನ್ನೆಗೂ ಇರುವ ವ್ಯತ್ಯಾಸ ಬರೆದೆ. ಪತ್ರಿಕೆಗೂ ತಪ್ಪೊಪ್ಪಿ ತಿದ್ದುಪಡಿ ಕಳಿಸಿದೆ. ಯಾರೂ ನಗಲಿಲ್ಲ. ಆ ವಿದ್ಯಾರ್ಥಿ ನಾಲ್ಕೇ ದಿನದಲ್ಲಿ ಉತ್ತರ ಬರೆದ, ಒಂಬತ್ತು ವರ್ಷದ್ದೂ ತಂತಾನೇ ಸರಿಯಾಗಿ ಬಂತು, ಇಷ್ಟು ಶುದ್ಧವಾಗಿ ಎಣಿಸಿದವರು ಯಾರು ಎಂದು ಕೇಳಿದ. ಅದನ್ನು ಓದಿ ಸಮಾಧಾನ ಆಗಬೇಕಿತ್ತು. ಆಗಲಿಲ್ಲ.

ಹೋದ ತಿಂಗಳು ಊರಿಗೆ ಹೋದೆ. ಈ ಸಲ ಓಣಿಯ ತುದಿಯಿಂದ ತಿರುಗಲಿಲ್ಲ. ಮಾಸ್ತರರ ಹೆಂಡತಿಯನ್ನು ನಾವು ವಿದ್ಯಾರ್ಥಿಗಳೆಲ್ಲ ಅವ್ವಾರು ಎನ್ನುತ್ತೇವೆ. ಪಡಸಾಲೆಯಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತೆ. ಚಹಾ ಕೊಟ್ಟರು. ಎಲ್ಲ ಹೇಳಿದೆ. ಅರ್ಧ ಮಾಡಿ ತುಂಬಿದ್ದು, ನಾಚಿಕೆಪಟ್ಟು ಅಳಿಸಿದ್ದು, ಅವರು ಬಂದು ಕೇಳಿದಾಗ ಇಲ್ಲ ಎಂದದ್ದು. ಸರ್ ಲೆಕ್ಕ ಒಂದೂ ತಪ್ಪಿರಲಿಲ್ಲ, ತಪ್ಪು ನನ್ನದು ಎಂದೆ.

ಅವ್ವಾರು ಕೈ ನಿಲ್ಲಿಸದೆ ತೊಟ್ಟು ಬಿಡಿಸುತ್ತ ಎಲ್ಲ ಕೇಳಿದರು. "ಕುಡಿಯವಾ, ಆರ್ತೈತಿ," ಎಂದರು. ಆಮೇಲೆ ತಾವಾಗಿಯೇ ಹೇಳಿದರು.

"ಧಾರವಾಡದಿಂದ ಬಂದ್ರಲ್ಲ ಅವತ್ತು, ಮರುದಿನಾ ಸಾಲಿಗೆ ಹೋಗಿ ಹೊಸಾ ಗಣಿತದ ಟೀಚರ್‌ನ ಕರಕೊಂಡ ಬಂದ್ರು. ಆಕಿ ಎರಡು ದಿನಾ ಇಲ್ಲೇ ಕುಂತು ಮಾಡಿದ್ಲು. ಆಕಿಗೂ ಇವರಿಗೆ ಬಂದಷ್ಟ ಬಂತು. ಇಬ್ಬರಿಗೂ ಒಂದ ಬಂತಂದ್ರ ನಿಮ್ದು ಬರೋಬ್ಬರಿ ಐತ್ರಿ, ಆ ಹುಡುಗೀದ ಏನರ ತಪ್ಪಿರಬೇಕು ಅಂದೆ ನಾನು. ನನ್ನ ಮ್ಯಾಲೆ ಸಿಟ್ಟಿಗೆದ್ರು. ನಾ ಕೇಳಿ ಬಂದೀನಿ, ಏನೂ ತುಂಬಿಲ್ಲ ಅಂದಾಳ, ನಮ್ಮ ಹುಡುಗಿ ನನ್ನ ಮುಂದ ಸುಳ್ಳು ಹೇಳೂದಿಲ್ಲ ಅಂದ್ರು."

ನನ್ನನ್ನು ಬೈಯಲೆಂದು ಹೇಳಿದ ಮಾತಲ್ಲ ಅದು. ನಡೆದದ್ದನ್ನು ಹೇಳಿದರು, ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಮಾಸ್ತರರು ಹೆಂಡತಿಯ ಮಾತು ನಂಬಲಿಲ್ಲ, ಗಣಿತದ ಟೀಚರನ್ನು ನಂಬಲಿಲ್ಲ, ತಮ್ಮ ತಲೆಯನ್ನೂ ನಂಬಲಿಲ್ಲ. ನನ್ನನ್ನು ನಂಬಿದರು…

ಈಗ ಆ ಮಾಡೆಲನ್ನು ಎಲ್ಲೆಲ್ಲಿಯದೋ ಜನ ತೆಗೆದು ನಡೆಸಿ ನೋಡುತ್ತಾರೆ. ನಮಗೂ ಹಾಗೇ ಬಂತು ಎಂದು ಆಗಾಗ ಬರೆಯುತ್ತಾರೆ. ಕೇಳಿದವರಿಗೆಲ್ಲ ಅದೇ ದಿನ ಉತ್ತರ ಕೊಡುತ್ತೇನೆ. ಎಲ್ಲರಿಗಿಂತ ಮೊದಲು ಕೇಳಿದವರು ಮಾಸ್ತರರು. ಅವರಿಗೆ ಮಾತ್ರ ಕೊಡಲಿಲ್ಲ.